ಬಾದಾಮಿ ಕಡೆ ನಕ್ಷತ್ರ ನೋಡಲು ಹೋಗುವವರಿಗೆ: ಮೊದಲು ಅಮಾವಾಸ್ಯೆ, ಆಮೇಲೆ ರೂಮು

ಬಾದಾಮಿಗೆ ಹೋಗುವವರು ಸಾಮಾನ್ಯವಾಗಿ ರಜೆ ನೋಡಿ ರೂಮು ಬುಕ್ ಮಾಡುತ್ತಾರೆ. ಟೆಲಿಸ್ಕೋಪ್, ಕ್ಯಾಮೆರಾ ಹಿಡಿದು ಹೋಗುವವರು ಮೊದಲು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ನೋಡಿ. ನಾವು ಆರಿಸಿಕೊಂಡಿದ್ದು ಅವರಾತ್ರಿ ಅಮಾವಾಸ್ಯೆ. ಸಾಮಾನ್ಯವಾಗಿ ಅದು ಜನವರಿ ಕೊನೆ ಅಥವಾ ಫೆಬ್ರವರಿ ಶುರುವಿನ ಹೊತ್ತಿಗೆ ಬರುತ್ತದೆ. ಮೋಡ ಇರುವುದಿಲ್ಲ, ಚಳಿಯೂ ತಡೆಯುವಷ್ಟೇ. ಆದರೆ ಒಂದು ವಿಷಯ. ಅದಕ್ಕೂ ಹದಿನೈದು ದಿನ ಮುಂಚೆ ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ಹುಣ್ಣಿಮೆ ಮುಗಿದರೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಲೈಟು ದೂರದವರೆಗೆ ಕಾಣುತ್ತದೆ. ಹಾಗಾಗಿ ಬನಶಂಕರಿ ಕಡೆ ಬಿಟ್ಟು ಪಟ್ಟದಕಲ್ಲಿನ ರಸ್ತೆ ಹಿಡಿಯಿರಿ.

ಬೆಳಗಾವಿಯಿಂದ ಯರಗಟ್ಟಿ, ರಾಮದುರ್ಗದ ಮೇಲೆ ಕಾರಿನಲ್ಲಿ ಬಂದೆವು. ರೈಲಿನಲ್ಲೂ ಬರಬಹುದು, ಆದರೆ ಬಾದಾಮಿ ಸ್ಟೇಷನ್ ಊರಿಂದ ಸುಮಾರು 5 ಕಿ.ಮೀ. ದೂರ ಇದೆ. 8 ಇಂಚಿನ ಟೆಲಿಸ್ಕೋಪನ್ನು ಟಂಟಂನಲ್ಲಿ ಕುಲುಕಿಸಿಕೊಂಡು ಒಯ್ಯುವುದು ಬೇಡ. ರೈಲಿಗೆ ಬರುವವರಿಗೆ 10x50 ಬೈನಾಕ್ಯುಲರ್ ಸಾಕು, ನಿಜವಾಗಿ ಸಾಕು.

ಈಗ ಮುಖ್ಯವಾದ ಮಾತು. ಗುಹೆ, ಗುಡಿಗಳ ಮುಂದೆ ನಿಂತು ರಾತ್ರಿ ಫೋಟೊ ತೆಗೆಯೋಣ ಅಂತ ಆಸೆ ಇಟ್ಟುಕೊಂಡು ಬರಬೇಡಿ. ಸಂಜೆ ಆದಮೇಲೆ ಬಾದಾಮಿಯ ಗುಹೆಗಳಿಗೆ ಬಿಡುವುದಿಲ್ಲ, ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್‌ಗೆ ಹಗಲಲ್ಲೂ ಅನುಮತಿ ಬೇಕು. ಅವುಗಳನ್ನು ಹಗಲೇ ನೋಡಿ ಮುಗಿಸಿ. ಆಕಾಶ ಇಷ್ಟಪಡುವವರು ಮೂರನೆಯ ಗುಹೆಯಲ್ಲಿ ಸ್ವಲ್ಪ ಹೊತ್ತು ಜಾಸ್ತಿ ನಿಲ್ಲಿ. ಅಲ್ಲಿನ ಚಾಲುಕ್ಯರ ಮಂಗಳೇಶನ ಶಾಸನ ಕ್ರಿ.ಶ. 578ರದ್ದು. ಅದರಲ್ಲಿ ಶಕ ವರ್ಷದ ಜೊತೆಗೆ ಕಾರ್ತಿಕ ಹುಣ್ಣಿಮೆ ಅಂತ ತಿಥಿಯನ್ನೂ ಕೆತ್ತಿದ್ದಾರೆ.

ರಾತ್ರಿ ನಿಮಗೆ ಕತ್ತಲೆ ಸಿಗುವುದು ಹೊಲಗಳಲ್ಲಿ, ಅಂದರೆ ಯಾರದೋ ಜಾಗದಲ್ಲಿ. ಆದ್ದರಿಂದ ಹಗಲಿರುವಾಗಲೇ ಹೋಗಿ ಹೊಲದವರನ್ನು ಮಾತಾಡಿಸಿ. ರಾತ್ರಿ ಹನ್ನೊಂದಕ್ಕೆ ಕಾರು ನಿಲ್ಲಿಸಿ ದೊಡ್ಡ ಕೊಳವೆ ಇಳಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ನಾವು ಕೇಳಿದ ಕಾಕಾ ನಮ್ಮನ್ನು ತಮ್ಮ ಕಣಕ್ಕೇ ಕರೆದುಕೊಂಡು ಹೋದರು. ಕಣ ಸಮತಟ್ಟಾಗಿ, ಗಟ್ಟಿಯಾಗಿ ಇರುತ್ತದೆ. ಎರೆ ಮಣ್ಣಿನಲ್ಲಿ ಟ್ರೈಪಾಡ್ ಕಾಲು ಬಿರುಕಿಗೆ ಇಳಿಯುತ್ತದೆ, ಕಣದಲ್ಲಿ ಆ ತೊಂದರೆ ಇಲ್ಲ. ಚಪ್ಪಲಿ ಮಾತ್ರ ಹೊರಗೇ ಬಿಡಿ. ಪಂಪ್‌ಸೆಟ್ ಶೆಡ್ಡಿನ ಬಲ್ಬ್ ಆರಿಸಬಹುದಾ ಅಂತ ಕೇಳಿ. ತ್ರೀ ಫೇಸ್ ಕರೆಂಟ್ ಎಷ್ಟೊತ್ತಿಗೆ ಬರುತ್ತದೆ ಅಂತಲೂ ತಪ್ಪದೆ ಕೇಳಿ. ರಾತ್ರಿ ಪಾಳಿ ಇದ್ದರೆ ನೀರು ಹಾಯಿಸಲು ಜನ ಬ್ಯಾಟರಿ ಹಿಡಿದು ಓಡಾಡುತ್ತಾರೆ. ಆ ಹೊತ್ತು ತಪ್ಪಿಸಿ ಫೋಟೊ ಇಟ್ಟುಕೊಳ್ಳಿ.

ಊರವರಿಗೆ ಮೊದಲು ತೋರಿಸಿ, ನಿಮ್ಮ ಫೋಟೊ ಆಮೇಲೆ. ಇದು ನಾನು ಒತ್ತಿ ಹೇಳುವ ಮಾತು. ಎಂಟರ ಸುಮಾರಿಗೆ ಊಟ ಮುಗಿಸಿ ಮನೆಮಂದಿ ಎಲ್ಲ ಬಂದರು, ಪಕ್ಕದ ಹೊಲದವರೂ ಬಂದರು. ಈ ಕಡೆ ರೋಹಿಣಿ ಮಳೆ, ಮಿರಗ (ಮೃಗಶಿರ), ಆರಿದ್ರಾ ಅಂತ ಬಾಯಲ್ಲಿ ಆಡದ ರೈತರಿಲ್ಲ. ಆದರೆ ಆ ನಕ್ಷತ್ರಗಳನ್ನು ಬೆರಳು ಮಾಡಿ ತೋರಿಸಿದವರು ಕಡಿಮೆ. ಫೆಬ್ರವರಿ ಶುರುವಿನಲ್ಲಿ ಎಂಟೂವರೆಯ ಸುಮಾರಿಗೆ ರೋಹಿಣಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತದೆ. ಬಾದಾಮಿ 16 ಡಿಗ್ರಿ ಅಕ್ಷಾಂಶದ ಹತ್ತಿರ ಇದೆ, ರೋಹಿಣಿಯೂ ಆಕಾಶದಲ್ಲಿ ಹೆಚ್ಚುಕಡಿಮೆ ಅದೇ ಗೆರೆಯಲ್ಲಿದೆ. ಕೆಂಪಗಿನ ಆ ಚುಕ್ಕೆ ತೋರಿಸಿದ್ದೇ ಕಾಕಾ ಕೇಳಿದರು: "ರೋಹಿಣಿ ಮಳಿ ಆಗೂ ಮುಂದ ಇದು ಯಾಕ ಕಾಣಂಗಿಲ್ಲರೀ?" ಎಂಥ ಒಳ್ಳೆ ಪ್ರಶ್ನೆ! ಮೇ ಕೊನೆಗೆ ಸೂರ್ಯನೇ ರೋಹಿಣಿಯ ದಿಕ್ಕಿನಲ್ಲಿ ಇರುತ್ತಾನೆ. ಅದಕ್ಕೇ ಆ ದಿನಗಳಿಗೆ ಆ ಹೆಸರು, ಅದಕ್ಕೇ ನಕ್ಷತ್ರ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಅಷ್ಟು ಹೇಳುವಷ್ಟರಲ್ಲಿ ಅವರೇ ಪಕ್ಕದವರಿಗೆ ವಿವರಿಸಲು ಶುರುಮಾಡಿದ್ದರು.

ಟೆಲಿಸ್ಕೋಪಿನಲ್ಲಿ ಮೊದಲು ಮೃಗಶಿರದ ಕೆಳಗಿನ ನೆಬ್ಯುಲಾ, ಅಂದರೆ ಅನಿಲ-ದೂಳಿನ ಮೋಡ, ಇಡಿ. ಅಜ್ಜಿಯೊಬ್ಬರು ಎರಡೂ ಕೈಯಿಂದ ಕೊಳವೆ ಹಿಡಿದು ಬಗ್ಗಿದರು. ಕೊಳವೆ ಅಲುಗಿತು, ಚುಕ್ಕೆ ಓಡಿಹೋಯಿತು. ಇದು ಎಲ್ಲ ಕಡೆ ಆಗುತ್ತದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು, ಅದನ್ನು ಹಿಡಿದುಕೊಂಡು ಬಗ್ಗಿ ಅಂತ ಹೇಳಿ. ಒಂದೇ ಕಣ್ಣು ಮುಚ್ಚಲು ಬರದವರಿಗೆ ಅಂಗೈ ಅಡ್ಡ ಹಿಡಿಯಲು ಹೇಳಿ. ಎರಡನೇ ಸಲ ಅಜ್ಜಿ ಸುಮಾರು ಹೊತ್ತು ನೋಡಿದರು. "ಹೊಗಿ ಹಂಗ ಐತಲ್ಲೋ ತಮ್ಮಾ, ನಡಕ ನಾಕ್ ಚುಕ್ಕಿ." ನಾವು ಆ ನಾಲ್ಕು ಚುಕ್ಕಿಯ ಬಗ್ಗೆ ಬಾಯಿಬಿಟ್ಟಿರಲೇ ಇಲ್ಲ. ಜನರಿಗೆ ಏನು ಕಾಣುತ್ತದೆ ಅಂತ ಮೊದಲೇ ಹೇಳಿಕೊಡಬೇಡಿ, ಅವರೇ ಹೇಳಲಿ.

ಹತ್ತರ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ. ಬಾದಾಮಿಯ ಹಳೆಯ ಹೆಸರು ವಾತಾಪಿ, ಆ ರಕ್ಕಸನನ್ನು ಅರಗಿಸಿಕೊಂಡ ಅಗಸ್ತ್ಯನ ಕಥೆ ಮಕ್ಕಳಿಗೂ ಗೊತ್ತು. ಊರ ಕೆರೆ ಅಗಸ್ತ್ಯ ತೀರ್ಥ. ಅಗಸ್ತ್ಯ ನಕ್ಷತ್ರ (ಕ್ಯಾನೋಪಸ್) ಆಗ ನೆಲದಿಂದ ಸುಮಾರು 21 ಡಿಗ್ರಿ ಮೇಲೆ ನಿಂತಿರುತ್ತದೆ. ರಾತ್ರಿ ಆಕಾಶದ ನಕ್ಷತ್ರಗಳಲ್ಲಿ ಲುಬ್ಧಕ (ಸಿರಿಯಸ್) ಬಿಟ್ಟರೆ ಇದೇ ಹೆಚ್ಚು ಹೊಳೆಯುವುದು. ದೆಹಲಿಯವರಿಗೆ ಇದು 9 ಡಿಗ್ರಿಯೂ ಏರುವುದಿಲ್ಲ. ದಕ್ಷಿಣದ ಆಕಾಶ ನಮ್ಮ ಕಡೆಯವರಿಗೆ ಸಿಕ್ಕ ಭಾಗ್ಯ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದಿದ್ದರೆ ಶಿಲುಬೆ ಆಕಾರದ ತ್ರಿಶಂಕು ನೇರ ದಕ್ಷಿಣದಲ್ಲಿ ನೆಟ್ಟಗೆ ನಿಂತಿರುವುದು ಕಾಣುತ್ತದೆ. ಐದಕ್ಕೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ಗುಚ್ಛ, ಬೈನಾಕ್ಯುಲರಿನಲ್ಲೇ. ಅದೇ ಹೊತ್ತಿಗೆ ಆಗ್ನೇಯದಲ್ಲಿ ಆಕಾಶಗಂಗೆಯ ನಡುಭಾಗ ಏಳುತ್ತಿರುತ್ತದೆ.

ಜನ ಮನೆಗೆ ಹೋದಮೇಲೆ ಕ್ಯಾಮೆರಾ ಹೊರಗೆ ತೆಗೆಯಿರಿ. ದುಬಾರಿ ಲೆನ್ಸ್ ಬೇಕಿಲ್ಲ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸಿನಲ್ಲಿ 18 ಎಂ.ಎಂ., ಎಫ್ 3.5, ಐಎಸ್ಒ 3200, 15 ಸೆಕೆಂಡು. ಅದಕ್ಕಿಂತ ಜಾಸ್ತಿ ಹೊತ್ತು ತೆರೆದಿಟ್ಟರೆ ಭೂಮಿ ತಿರುಗುವುದರಿಂದ ಚುಕ್ಕೆ ಗೆರೆಯಾಗುತ್ತದೆ. ಫೋಕಸ್ ಕೈಯಿಂದಲೇ ಮಾಡಿ: ಸ್ಕ್ರೀನಿನಲ್ಲಿ ಲುಬ್ಧಕವನ್ನು ದೊಡ್ಡದು ಮಾಡಿ, ಅತಿ ಸಣ್ಣ ಚುಕ್ಕೆ ಆಗುವವರೆಗೆ ರಿಂಗ್ ತಿರುಗಿಸಿ, ಮೇಲೆ ಟೇಪ್ ಅಂಟಿಸಿ. ನಕ್ಷತ್ರಗಳು ಸುತ್ತುವ ಚಿತ್ರ ಬೇಕಿದ್ದರೆ ಉತ್ತರಕ್ಕೆ ತಿರುಗಿ. ಆ ಸುತ್ತಿನ ನಡುವಿನ ಧ್ರುವ ನಕ್ಷತ್ರ ಇಲ್ಲಿ 16 ಡಿಗ್ರಿ ಮಾತ್ರ ಎತ್ತರ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿ. ಒಂದು ಮರವೂ ಅದನ್ನು ಮುಚ್ಚಬಹುದು, ಹಗಲೇ ದಿಕ್ಕು ನೋಡಿಟ್ಟುಕೊಳ್ಳಿ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿ, ಮೊಬೈಲ್ ಜೇಬಲ್ಲಿಡಿ. ಕಣ್ಣು ಕತ್ತಲೆಗೆ ಹೊಂದಲು 20-30 ನಿಮಿಷ ಬೇಕು, ಕೆಡಲು ಒಂದು ಮೆಸೇಜ್ ಸಾಕು.

ಮುಧೋಳ, ಜಮಖಂಡಿ ಕಡೆ ಇದೇ ಪ್ರಯೋಗ ಮಾಡುವ ಯೋಚನೆ ಇದ್ದರೆ ಕಬ್ಬಿನ ಹಂಗಾಮು ಮುಗಿಯಲಿ. ಫ್ಯಾಕ್ಟರಿ ಬೆಳಕು, ರವದಿ (ಕಬ್ಬಿನ ಒಣ ಗರಿ) ಸುಟ್ಟ ಹೊಗೆ ಎರಡೂ ಸೇರಿ ದಿಗಂತ ಮಂಕಾಗುತ್ತದೆ.

ಆಕಾಶಗಂಗೆಯ ಚಿತ್ರವೇ ಮುಖ್ಯ ಅನ್ನುವವರು ಮಾರ್ಚ್, ಏಪ್ರಿಲ್ ಅಮಾವಾಸ್ಯೆ ಹಿಡಿಯಿರಿ, ಆಗ ನಡುರಾತ್ರಿ ದಾಟಿದ ಮೇಲೆ ಸಾಕಷ್ಟು ಹೊತ್ತು ಸಿಗುತ್ತದೆ. ಜೂನ್‌ನಿಂದ ಮೋಡ. ಜನರಿಗೆ ತೋರಿಸುವುದೇ ಮುಖ್ಯ ಅನ್ನುವವರಿಗೆ ಅಮಾವಾಸ್ಯೆ ಬೇಕಿಲ್ಲ. ಶುಕ್ಲ ಪಕ್ಷದ ಅಷ್ಟಮಿಯ ಅರ್ಧ ಚಂದ್ರ ಇರುವಾಗ ಬನ್ನಿ, ಕುಳಿಗಳ ನೆರಳು ಚೆನ್ನಾಗಿ ಕಾಣುವುದು ಆಗಲೇ. ಊರ ಶಾಲೆಯ ಮಾಸ್ತರರಿಗೆ ಒಂದು ವಾರ ಮೊದಲೇ ತಿಳಿಸಿ, ಸಂಜೆ ಏಳಕ್ಕೆ ಶಾಲೆ ಅಂಗಳದಲ್ಲೇ ಟೆಲಿಸ್ಕೋಪ್ ಇಡಿ.