ದೇವಕಣಗಿಲೆಗೆ ನೀರು ಕಡಿಮೆ ಹಾಕಿ

ರಾಯಚೂರಿನ ಬಿಸಿಲಿಗೆ ದೇವಕಣಗಿಲೆ (ಪ್ಲುಮೇರಿಯಾ) ಬಗ್ಗುವ ಗಿಡವಲ್ಲ. ಅದನ್ನು ಕೊಲ್ಲುವುದು ನಮ್ಮ ಎರೆಮಣ್ಣಲ್ಲಿ ನಿಂತ ನೀರು. ಹೊಸ ಗಿಡ ಮಾಡಲು ಫೆಬ್ರವರಿ-ಮಾರ್ಚ್‌ನಲ್ಲಿ ಒಂದಡಿ ಉದ್ದದ ಕೊಂಬೆ ಕತ್ತರಿಸಿ. ಬೂದು ಬಣ್ಣಕ್ಕೆ ತಿರುಗಿದ ಬಲಿತ ಕೊಂಬೆಯೇ ಬೇಕು, ಹಸಿರು ತುದಿ ಬೇಗ ಕೊಳೆಯುತ್ತದೆ. ಹಾಲು ಸೋರಿ ನಿಂತು, ಕತ್ತರಿಸಿದ ಬಾಯಿ ಒಣಗಿ ಗಟ್ಟಿಯಾಗುವವರೆಗೆ ಒಂದೆರಡು ವಾರ ನೆರಳಲ್ಲಿಡಿ. ಆ ಹಾಲು ಕಣ್ಣಿಗೆ ತಾಗದಿರಲಿ. ಅರ್ಧ ಮಸಾರಿ (ಕೆಂಪು) ಮಣ್ಣು, ಅರ್ಧ ದಪ್ಪ ಉಸುಕು ಬೆರೆಸಿ 3-4 ಇಂಚು ಆಳಕ್ಕೆ ನೆಡಿ. ಎಲೆ ಬಿಚ್ಚುವ ತನಕ ನೀರು ತೀರಾ ಕಡಿಮೆ. ಬುಡ ಒತ್ತಿದಾಗ ಮೆತ್ತಗಿದ್ದರೆ ಕೊಳೆತಿದೆ. ಬಿಳಿ ತಿರುಳು ಕಾಣುವವರೆಗೆ ಕೊಯ್ದು ಮತ್ತೆ ಒಣಗಿಸಿ.

ಚಳಿಗಾಲದಲ್ಲಿ ಬೋಳಾದ ಗಿಡವನ್ನು ಸತ್ತಿತೆಂದು ಕಿತ್ತೆಸೆಯುವುದು ನೋಡಿದರೆ ಸಂಕಟವಾಗುತ್ತದೆ. ಉಗುರಿನಿಂದ ತೊಗಟೆ ಕೆರೆದು ನೋಡಬಾರದೇ? ಒಳಗೆ ಹಸಿರಿರುತ್ತದೆ. ಯೂರಿಯಾ ಮಾತ್ರ ಸುರಿಯಬೇಡಿ, ಎಲೆ ದಂಡಿಯಾಗಿ ಬಂದು ಹೂವು ಕಡಿಮೆಯಾಗುತ್ತದೆ.