ಕೋರ್ಸ್‌ಮೇಟ್‌ಗಳ ಪಟ್ಟಿ ಹಿಡಿದವರಿಗೆ

ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಆರು ಟರ್ಮ್ ಒಟ್ಟಿಗೆ ಕಳೆದವರು ಆಮೇಲೆ ಡೆಹ್ರಾಡೂನ್ (ಭೂಸೇನೆ), ಎಳಿಮಲ (ನೌಕಾಪಡೆ), ದುಂಡಿಗಲ್ (ವಾಯುಪಡೆ) ಅಕಾಡೆಮಿಗಳೆಂದು ಚದುರುತ್ತಾರೆ. ನಿವೃತ್ತಿಯ ನಂತರ ಅವರನ್ನು ಹುಡುಕಲು ಕೋರ್ಸ್ (ಅಂದರೆ ಬ್ಯಾಚ್) ಸಂಖ್ಯೆ, ಸ್ಕ್ವಾಡ್ರನ್ (ಅಕಾಡೆಮಿಯಲ್ಲಿ ಕೆಡೆಟ್‌ಗಳಿದ್ದ ತುಕಡಿ) ಎರಡೂ ಬೇಕು. ಹೆಚ್ಚಾಗಿ ಬಿಟ್ಟುಹೋಗುವವರು ರೆಲಿಗೇಟ್ ಆದವರು, ಅಂದರೆ ಕೆಳಗಿನ ಟರ್ಮ್‌ಗೆ ಇಳಿಸಲ್ಪಟ್ಟವರು: ಸೇರಿದ್ದು ಒಂದು ಕೋರ್ಸ್, ಪಾಸಾದದ್ದು ಇನ್ನೊಂದರ ಜೊತೆ. ಅವರ ಹೆಸರು ಎರಡೂ ಪಟ್ಟಿಯಲ್ಲಿರಲಿ. ಇಲ್ಲವಾದರೆ ‘ಅವರು ನೋಡಿಕೊಳ್ಳುತ್ತಾರೆ’ ಎಂದು ಎರಡು ಕಡೆಯವರೂ ಸುಮ್ಮನಿರುತ್ತಾರೆ.

ಪ್ರತಿ ಹೆಸರಿನ ಮುಂದೆ ಪತ್ನಿಯ ನಂಬರ್, ಮಕ್ಕಳಲ್ಲೊಬ್ಬರ ನಂಬರ್ ಬರೆದಿಡಿ. ಯಜಮಾನರ ಸಿಮ್ ರೀಚಾರ್ಜ್ ಇಲ್ಲದೆ ನಿಂತರೆ ಆ ಮನೆಯ ಕೊಂಡಿಯೇ ಕಳಚುತ್ತದೆ. ಕುಟುಂಬ ಪಿಂಚಣಿ ತಡವಾಗಲು ಒಂದು ಕಾರಣ ಹೀಗಿರುತ್ತದೆ: ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಪತ್ನಿಯ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ನಮ್ಮ ಕಡೆ ಇನಿಷಿಯಲ್ ಹಾಕುವ ರೂಢಿಯಿಂದ ಇದು ಇನ್ನೂ ಜಾಸ್ತಿ. ಅಧಿಕಾರಿ ಬದುಕಿರುವಾಗಲೇ ತಿದ್ದಿಸಿ. ಆಮೇಲೆ ಅಫಿಡವಿಟ್ಟಿಗೆ ಅಲೆಯಬೇಕಾದವರು ಆಕೆ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ (2019) ಸ್ವಾತಂತ್ರ್ಯಾನಂತರ ಕಾರ್ಯಾಚರಣೆಗಳಲ್ಲಿ ಮಡಿದವರ ಹೆಸರುಗಳಿವೆ. ಕಾಯಿಲೆಯಿಂದ, ನಿವೃತ್ತಿಯ ನಂತರ ತೀರಿಕೊಂಡವರು ಅಲ್ಲಿರುವುದಿಲ್ಲ. ಹಾಗಾಗಿ ಕೋರ್ಸ್ ಕೂಟದಲ್ಲಿ ಓದುವ ಪಟ್ಟಿ ಪೂರ್ತಿ ನಿಮ್ಮದೇ ಆಗಿರಬೇಕು. ಹುದ್ದೆಯ ಹಿರಿತನ ಬೇಡ, ತೀರಿಕೊಂಡ ವರ್ಷದ ಕ್ರಮ ಸಾಕು. ಹೆಸರು, ಸ್ಕ್ವಾಡ್ರನ್, ರೆಜಿಮೆಂಟ್ ಓದಿ. ನಂತರ ಲಾಸ್ಟ್ ಪೋಸ್ಟ್ (ಮಡಿದವರಿಗೆ ನುಡಿಸುವ ಬ್ಯೂಗಲ್ ರಾಗ), 2 ನಿಮಿಷ ಮೌನ, ಕೊನೆಗೆ ರೌಸ್ (ಮೌನ ಮುಗಿಸುವ ಬ್ಯೂಗಲ್ ರಾಗ). ಬ್ಯೂಗ್ಲರ್ ಸಿಗದಿದ್ದರೆ ರೆಕಾರ್ಡಿಂಗ್ ನಡೆಯುತ್ತದೆ, ಆದರೆ ಜಾಹೀರಾತು ನುಗ್ಗದಂತೆ ಫೈಲನ್ನು ಮೊದಲೇ ಇಳಿಸಿಕೊಳ್ಳಿ. ಊಟ, ಭಾಷಣ ಎಲ್ಲ ಆಮೇಲೆ.