ನಾಲ್ಕು ಬೆರಳಿನ ಅಂತರ

ಕಾರವಾರದ ಟಾಗೋರ್ ಕಡಲತೀರದಲ್ಲಿ ಓಡಬೇಕು ಅಂದರೆ ಇಳಿತದ ಹೊತ್ತಿಗೇ ಹೋಗಬೇಕು. ನೀರು ಹಿಂದೆ ಸರಿದ ಕಡೆ ಮರಳು ಒದ್ದೆಯಾಗಿ, ಗಟ್ಟಿಯಾಗಿರುತ್ತದೆ. ಮೇಲಿನ ಒಣ ಮರಳಲ್ಲಿ ಹೆಜ್ಜೆಹೆಜ್ಜೆಗೂ ಪಾದ ಹೂತು ಮೀನಖಂಡ ಉರಿಯುತ್ತದೆ. ನಮ್ಮ ಅಣ್ಣನ ಮಗಳು ಎರಡರಲ್ಲೂ ಓಡುತ್ತಾಳೆ. ಹತ್ತನೇ ಕ್ಲಾಸು, 400 ಮೀಟರ್ ಅವಳ ಓಟ. ಹೋದ ಭಾನುವಾರ ಬೆಳಿಗ್ಗೆ ನಾನೂ ಜೊತೆಗೆ ಹೋಗಿದ್ದೆ.

ಪಿ.ಟಿ. ಉಷಾ ಕೂಡ ಕೇರಳದ ಪಯ್ಯೋಳಿಯಲ್ಲಿ ಹೀಗೇ ಕಡಲ ದಂಡೆಯ ಮರಳಲ್ಲಿ ಓಡಿ ಬೆಳೆದವರು, ಕೋಚ್ ಒ.ಎಂ. ನಂಬಿಯಾರ್ ಅವರ ಕೈಯಲ್ಲಿ ಪಳಗಿದವರು ಅಂತ ಹೇಳುತ್ತಿದ್ದೆ. ಏದುಸಿರು ಬಿಡುತ್ತಾ ಕೂತಿದ್ದವಳು ಕೇಳಿದಳು, "ಅತ್ತೆ, ಅವರಿಗೆ ಮೆಡಲ್ ತಪ್ಪಿದ್ದು ಒಂದು ಸೆಕೆಂಡಿಗಾ?"

ಒಂದು ಸೆಕೆಂಡ್ ಎಲ್ಲಿಂದ ಬಂತು! 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಹೆಂಗಸರ 400 ಮೀಟರ್ ಹರ್ಡಲ್ಸ್, ಅಂದರೆ ಅಡ್ಡಗಟ್ಟೆ ಹಾರುತ್ತಾ ಓಡುವ ಓಟ, ಒಲಿಂಪಿಕ್ಸಿಗೆ ಬಂದಿದ್ದೇ ಆ ವರ್ಷ. ಮೂರನೆಯವರಾಗಿ ಬಂದ ರೊಮೇನಿಯಾದ ಕೊಜೊಕಾರು 55.41 ಸೆಕೆಂಡ್. ಉಷಾ 55.42.

ಅಂಕಿ ಕೇಳಿ ಅವಳಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಲೆಕ್ಕ ಹಾಕಿ ತೋರಿಸಿದೆ. ಆ ವೇಗದಲ್ಲಿ ಓಡುವವರು ಸೆಕೆಂಡಿಗೆ 7 ಮೀಟರಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತಾರೆ. ಅದರ ನೂರನೇ ಒಂದು ಪಾಲು ಅಂದರೆ ಸುಮಾರು 7 ಸೆಂಟಿಮೀಟರ್. ಒದ್ದೆ ಮರಳಲ್ಲಿ ಒಂದು ಗೆರೆ ಎಳೆದೆ. ಪಕ್ಕದಲ್ಲಿ ನಾಲ್ಕು ಬೆರಳು ಒತ್ತಿಟ್ಟು ಆಚೆಗೆ ಇನ್ನೊಂದು ಗೆರೆ ಎಳೆದೆ. ಅವಳು ಬಗ್ಗಿ ತನ್ನ ಕೈಯನ್ನೂ ನಡುವೆ ಇಟ್ಟು ನೋಡಿದಳು. "ಇಷ್ಟೇನಾ?" ಅಂದಳು. ಆಮೇಲೆ, "ಕೊನೇಲಿ ಎದೆ ಮುಂದೆ ಚಾಚಿದ್ರೆ ಸಿಕ್ತಿತ್ತು ಅಲ್ವಾ?"

ಎಲ್ಲರೂ ಹೇಳೋದು ಇದನ್ನೇ. ಆದರೆ ಉಷಾ ತಾವೇ ಹೇಳಿಕೊಂಡ ಇನ್ನೊಂದು ಮಾತಿದೆ. ಅಲ್ಲಿ ಅವರಿಗೆ ಒಗ್ಗುವ ಊಟ ಸಿಗಲಿಲ್ಲ. ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿಯಲ್ಲೇ ದಿನ ತಳ್ಳಿದರು. ಕೊನೆಯ 35 ಮೀಟರಿಗೆ ಮೈಯಲ್ಲಿ ತ್ರಾಣ ಉಳಿಯಲಿಲ್ಲ.

ನಮ್ಮ ಜಿಲ್ಲೆಯವರಿಗೆ ಗಂಜಿ, ಅಪ್ಪೆಮಿಡಿ ಅಂದರೆ ಪ್ರಾಣ. ನಮ್ಮನೆಗೂ ವರ್ಷವರ್ಷ ಶಿರಸಿಯಿಂದ ಮಿಡಿ ಬರುತ್ತದೆ. ಆದರೆ ಹತ್ತು ಹರ್ಡಲ್ಸ್ ಹಾರಿ, ಕೊನೆಯದು ದಾಟಿದ ಮೇಲೂ 40 ಮೀಟರ್ ಓಡಬೇಕಾದ ಇಪ್ಪತ್ತರ ಹುಡುಗಿಗೆ ಅದು ಹೇಗೆ ಸಾಕಾದೀತು? ಎದೆ ಚಾಚಲಿಲ್ಲ ಅನ್ನುವವರು ಹೊಟ್ಟೆಗೇನು ಸಿಕ್ಕಿತ್ತು ಅಂತ ಕೇಳುವುದೇ ಇಲ್ಲ. ನನಗೆ ಇದು ಇವತ್ತಿಗೂ ಸಂಕಟದ ಸಂಗತಿ.

ಮುಂದಿನದನ್ನೂ ಹೇಳಿದೆ. 1985ರಲ್ಲಿ ಜಕಾರ್ತದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 5 ಚಿನ್ನ. ಮರುವರ್ಷ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಬಂದ 5 ಚಿನ್ನದಲ್ಲಿ ರಿಲೇ ಸೇರಿ ನಾಲ್ಕು ಉಷಾ ಓಡಿ ತಂದವು. ಮದುವೆಯಾಗಿ, ಮಗ ಹುಟ್ಟಿದ ಮೇಲೆ ಮತ್ತೆ ಟ್ರ್ಯಾಕಿಗೆ ಬಂದು, 1998ರಲ್ಲಿ ಜಪಾನಿನ ಫುಕುವೋಕಾದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಆಗ ಅವರಿಗೆ 34. "ಅಮ್ಮ ಆದ್ಮೇಲೂ?" ಅಂತ ಹುಡುಗಿ ಎರಡು ಸಲ ಕೇಳಿದಳು.

ಮನೆಗೆ ಬಂದರೆ ಒಲೆ ಮೇಲೆ ಗಂಜಿ ಕುದಿಯುತ್ತಿತ್ತು. ಅತ್ತಿಗೆಗೆ ಎಲ್ಲ ಹೇಳಿದೆ. "ಹಾಗಾದ್ರೆ ಏನು ಕೊಡಬೇಕು, ನೀನೇ ಹೇಳು" ಅಂದರು. ಗಂಜಿ ಬಿಡುವುದು ಬೇಡ, ಜೊತೆಗೆ ಎರಡು ಮೊಟ್ಟೆ ಇರಲಿ, ಮಧ್ಯಾಹ್ನ ಸಾರಿನ ಜೊತೆ ಬಂಗಡೆಯೋ ಹೆಸರುಕಾಳಿನ ಪಲ್ಯವೋ ಆಗಲಿ ಅಂತ ಮಾತಾಯಿತು. ಅವಳ ಜೊತೆ ಓಡುವ ಹುಡುಗಿಯರಲ್ಲಿ ಚಾ, ಬಿಸ್ಕಿಟ್ ಅಷ್ಟೇ ತಿಂದು ಬರುವವರೇ ಜಾಸ್ತಿ. ಬರುವ ಭಾನುವಾರ ನೆನೆಸಿದ ಶೇಂಗಾ, ಒಂದು ಚಿಪ್ಪು ಬಾಳೆಹಣ್ಣು ತಗೊಂಡು ಹೋಗುತ್ತೇನೆ.